ಹಿಂದಿನ ಟಯರ್ ಎಲ್ಲೋ ಉಜ್ಜುತ್ತಿದೆ: ನಟ್ ಬಿಚ್ಚುವ ಮೊದಲು ಗುರುತು ನೋಡಿ

ಬೈಕಿನ ಹಿಂಬದಿಯಿಂದ ‘ಜರ್ರ್’ ಅಂತ ಒಂದು ಸದ್ದು. ಅದೂ ಹಂಪ್ ಇಳಿದಾಗ ಮಾತ್ರ, ಅದೂ ಹಿಂದೆ ಯಾರಾದರೂ ಕೂತಿದ್ದರೆ ಮಾತ್ರ. ಒಬ್ಬನೇ ಹೋದರೆ ಏನೂ ಇಲ್ಲ. ನನ್ನ ಬೈಕಿಗೆ ಬಂದ ಕಾಯಿಲೆ ಇದು. ಇದಕ್ಕೆ ನಾನು ಮಾಡಿದ ಮೊದಲ ಮದ್ದು ಏನು ಗೊತ್ತಾ? ಸೀಟು ತೆಗೆದು, ಒಳಗಿನ ಪ್ಲಾಸ್ಟಿಕ್ ಮಡ್‌ಗಾರ್ಡ್‌ನಿಂದ ಅಂಗೈ ಅಗಲದ ತುಂಡೊಂದನ್ನು ಕೊಯ್ದು ಬಿಸಾಕಿದೆ. ಸದ್ದು ಹಾಗೇ ಇತ್ತು. ಟಯರ್ ಎಲ್ಲಿ ತಾಗುತ್ತಿದೆ ಅಂತ ನೋಡಿರಲೇ ಇಲ್ಲ, ಇಲ್ಲೇ ಇರಬೇಕು ಅಂತ ಊಹೆಯ ಮೇಲೆ ಬ್ಲೇಡ್ ಹಾಕಿದ್ದೆ.

ಹಿಂದಿನ ಚಕ್ರ ಉಜ್ಜೋದಕ್ಕೆ ಕಾರಣ ಹತ್ತಾರು ಇರಬಹುದು. ಆದರೆ ಈ ದೋಷದಲ್ಲಿ ಒಂದು ಅನುಕೂಲ ಇದೆ. ಅದು ಎರಡೂ ಕಡೆ ಗುರುತು ಬಿಟ್ಟೇ ಹೋಗುತ್ತದೆ, ಟಯರಿನ ಮೇಲೊಂದು, ತಾಗಿಸಿಕೊಂಡ ಭಾಗದ ಮೇಲೊಂದು. ಆ ಎರಡು ಗುರುತು ಸಿಗುವ ತನಕ ಸ್ಪ್ಯಾನರ್ ಮುಟ್ಟಬೇಡಿ.

ಮೊದಲು, ಇದು ಟಯರ್ ಸದ್ದೇ ಹೌದಾ?

ಬ್ರೇಕ್ ಹಿಡಿದುಕೊಂಡಿದ್ದರೂ ಉಜ್ಜುವ ಸದ್ದೇ ಬರುತ್ತದೆ. ಬೇರಿಂಗ್ ಹೋಗಿದ್ದರೂ ಬರುತ್ತದೆ, ಚೈನ್ ತನ್ನ ಕವರಿಗೆ ತಾಗಿದರೂ ಬರುತ್ತದೆ. ಬೈಕನ್ನು ಡಬಲ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್‌ಗೆ ತಂದು, ಎಂಜಿನ್ ಆಫ್ ಮಾಡಿ ಚಕ್ರವನ್ನು ಕೈಯಲ್ಲಿ ತಿರುಗಿಸಿ. ಗೇರ್ ಹಾಕಿ ಎಂಜಿನ್‌ನಲ್ಲಿ ಚಕ್ರ ಓಡಿಸಿ ನೋಡುವ ಚಟ ಕೆಲವರಿಗಿದೆ. ದಯವಿಟ್ಟು ಬೇಡ, ಚೈನಿಗೂ ಸ್ಪ್ರಾಕೆಟ್ಟಿಗೂ ನಡುವೆ ಬೆರಳು ಸಿಕ್ಕರೆ ಬೆರಳೇ ಹೋಗುತ್ತದೆ.

ಡ್ರಮ್ ಬ್ರೇಕ್ ಆದರೆ ಅಡ್ಜಸ್ಟ್ ಮಾಡುವ ನಟ್ಟನ್ನು ನಾಲ್ಕೈದು ಸುತ್ತು ಸಡಿಲ ಮಾಡಿ ತಿರುಗಿಸಿ ನೋಡಿ. ಸದ್ದು ನಿಂತರೆ ಅದು ಬ್ರೇಕ್ ಶೂ, ಈ ಬರಹ ನಿಮಗೆ ಬೇಡ. ನೋಡಿದ ಮೇಲೆ ನಟ್ಟನ್ನು ವಾಪಸ್ ಬಿಗಿ ಮಾಡೋದು ಮರೀಬೇಡಿ. ಡಿಸ್ಕ್ ಬ್ರೇಕ್‌ನಲ್ಲಿ ಪ್ಯಾಡ್ ಸ್ವಲ್ಪ ‘ಸರ್’ ಅನ್ನೋದು ಮಾಮೂಲು, ಚಕ್ರ ಸಲೀಸಾಗಿ ತಿರುಗುತ್ತಿದ್ದರೆ ತಲೆ ಕೆಡಿಸಿಕೊಳ್ಳಬೇಡಿ.

ಓಡುವಾಗ ಮಾತ್ರ ಬರುವ ಸದ್ದಾದರೆ ಕ್ಲಚ್ ಹಿಡಿದು ಬೈಕನ್ನು ಸುಮ್ನೆ ಉರುಳಲು ಬಿಡಿ. ಆಗಲೂ ಸದ್ದು ಇದ್ದು, ವೇಗ ಇಳಿದಂತೆ ಅದೂ ನಿಧಾನ ಆದರೆ ಎಂಜಿನ್ನಿನ ತಪ್ಪಿಲ್ಲ. ಇನ್ನೊಂದು ಲೆಕ್ಕ ಇದೆ. 100/90-17 ಅಳತೆಯ ಟಯರಿನ ಸುತ್ತಳತೆ ಸುಮಾರು 1.92 ಮೀಟರ್. ಅಂದರೆ ಗಂಟೆಗೆ 20 ಕಿ.ಮೀ. ವೇಗದಲ್ಲಿ ಅದು ಸೆಕೆಂಡಿಗೆ ಹೆಚ್ಚು ಕಡಿಮೆ 3 ಸುತ್ತು ಹಾಕುತ್ತದೆ, 40ರಲ್ಲಿ 6 ಸುತ್ತು. ನಿಮ್ಮ ‘ಟಕ್ ಟಕ್’ ಆ ಲೆಕ್ಕಕ್ಕೆ ಸರಿಹೊಂದಿದರೆ ಚಕ್ರದ ಯಾವುದೋ ಒಂದೇ ಜಾಗ ಪ್ರತಿ ಸುತ್ತಿಗೂ ತಾಗುತ್ತಿದೆ. ಅದಕ್ಕಿಂತ ತುಂಬಾ ಜಾಸ್ತಿ ಬಡಿಯುತ್ತಿದ್ದರೆ ಚೈನ್ ಕಡೆ ನೋಡಿ.

ಅಂದ ಹಾಗೆ, ಟಯರ್ ಈಗಷ್ಟೇ ಹೊಸದಾಗಿ ಹಾಕಿಸಿದ್ದರೆ ಅದರ ಮೈಮೇಲಿನ ರಬ್ಬರ್ ಕೂದಲುಗಳು ಮಡ್‌ಗಾರ್ಡ್‌ಗೆ ಸವರಿ ಸಣ್ಣದಾಗಿ ಸದ್ದು ಮಾಡಬಹುದು. ಕತ್ತರಿಸಿ ಹಾಕಿ, ಮುಗೀತು. ಆದರೆ ಕೂದಲು ತಾಗುತ್ತಿದೆ ಅಂದರೆ ಜಾಗ ಬಹಳ ಕಮ್ಮಿ ಇದೆ ಅಂತಲೂ ಆಯ್ತು. ಅದನ್ನು ನೆನಪಿಟ್ಟುಕೊಳ್ಳಿ.

ಗುರುತು ಹುಡುಕೋದು

ಮೊದಲು ತೊಳೆಯಿರಿ. ಕೆಸರು ಮೆತ್ತಿದ ಮಡ್‌ಗಾರ್ಡ್ ಒಳಗೆ ಏನೂ ಕಾಣೋದಿಲ್ಲ, ಎಷ್ಟೋ ಸಲ ಆ ಒಣಗಿದ ಕೆಸರಿನ ಗಟ್ಟಿಯೇ ಟಯರಿಗೆ ತಾಗುತ್ತಿರುತ್ತದೆ. ಒಣಗಿದ ಮೇಲೆ ಟಾರ್ಚ್ ಬಿಟ್ಟು ನೋಡಿ, ಕಣ್ಣು ಹೋಗದ ಕಡೆ ಮೊಬೈಲ್ ತೂರಿಸಿ ವಿಡಿಯೋ ಮಾಡಿ. ಉಜ್ಜಿದ ಪ್ಲಾಸ್ಟಿಕ್ ಸುತ್ತಲಿನ ಪ್ಲಾಸ್ಟಿಕ್‌ಗಿಂತ ಹೊಳೆಯುತ್ತದೆ. ಕಬ್ಬಿಣವಾದರೆ ಪೇಂಟ್ ಹೋಗಿ ಬೆಳ್ಳಗೆ ಕಾಣುತ್ತದೆ, ಅಂಚಿನಲ್ಲಿ ಕಪ್ಪು ರಬ್ಬರಿನ ಪುಡಿ ಇರುತ್ತದೆ.

ಕಾಣಲಿಲ್ಲವಾ? ಮಕ್ಕಳು ಆಡುವ ಕ್ಲೇ ತಗೊಳ್ಳಿ. ಹೆಬ್ಬೆರಳ ತುದಿಯಷ್ಟು ಉಂಡೆ ಮಾಡಿ ಮಡ್‌ಗಾರ್ಡ್ ಒಳಗೆ ಐದಾರು ಕಡೆ ಒತ್ತಿ ಅಂಟಿಸಿ: ಚಕ್ರದ ನೇರ ಮೇಲೆ, ಮುಂದಕ್ಕೆ ಸ್ವಿಂಗ್‌ಆರ್ಮ್ (ಹಿಂದಿನ ಚಕ್ರವನ್ನು ಹಿಡಿದುಕೊಂಡು ಮೇಲೆ ಕೆಳಗೆ ಆಡುವ ತೋಳು) ಫ್ರೇಮಿಗೆ ಸಿಕ್ಕಿಸಿರುವ ಕಡೆ, ಹಿಂದೆ ನಂಬರ್ ಪ್ಲೇಟ್ ಹತ್ತಿರ, ಮತ್ತೆ ಎರಡು ಪಕ್ಕ. ಸದ್ದು ಬರುವ ರಸ್ತೆಯಲ್ಲಿ, ಸದ್ದು ಬರುವಷ್ಟೇ ಭಾರ ಹೇರಿಕೊಂಡು ಒಂದು ಸುತ್ತು ಹೋಗಿ ಬನ್ನಿ. ಯಾವ ಉಂಡೆ ಚಪ್ಪಟೆಯಾಗಿದೆಯೋ ಅಲ್ಲಿ ಟಯರ್ ಬಂದು ಹೋಗಿದೆ. ಆ ಉಂಡೆಯಲ್ಲಿ ಉಳಿದ ದಪ್ಪ ಎಷ್ಟೋ, ಟಯರ್ ತೀರಾ ಹತ್ತಿರ ಬಂದಾಗ ಉಳಿದ ಜಾಗವೂ ಅಷ್ಟೇ. ಸ್ಕೇಲ್ ಇಟ್ಟು ಅಳೆಯಬಹುದು. ಕ್ಲೇ ಇಲ್ಲದಿದ್ದರೆ ಚಾಕ್ ಪುಡಿಯನ್ನು ನೀರಲ್ಲಿ ಕಲಸಿ ಬಳಿಯಿರಿ, ತಾಗಿದ ಕಡೆ ಕಪ್ಪು ಗೆರೆ ಬೀಳುತ್ತದೆ. ಆದರೆ ಚಾಕ್ ‘ತಾಗಿತು’ ಅಂತ ಮಾತ್ರ ಹೇಳುತ್ತದೆ, ‘ಇನ್ನು 3 ಮಿಲಿಮೀಟರ್‌ನಲ್ಲಿ ತಾಗುತ್ತಿತ್ತು’ ಅಂತ ಹೇಳೋದಿಲ್ಲ.

ಈಗ ಟಯರ್ ನೋಡಿ. ಗುರುತು ಸುತ್ತಲೂ ಬಳೆಯ ಹಾಗೆ ಇದೆಯಾ, ಇಲ್ಲ ಒಂದೇ ಕಡೆ ತೇಪೆ ಹಾಕಿದಂತೆ ಇದೆಯಾ? ನನ್ನ ಪ್ರಕಾರ ಇಡೀ ತಪಾಸಣೆಯಲ್ಲಿ ಇದಕ್ಕಿಂತ ದೊಡ್ಡ ಪ್ರಶ್ನೆ ಇಲ್ಲ. ಸುತ್ತಲೂ ಬಳೆ ಇದ್ದರೆ ಚಕ್ರ ದುಂಡಗೇ ಇದೆ. ಒಂದೋ ಅದು ಇರಬೇಕಾದ ಕಡೆ ಇಲ್ಲ, ಇಲ್ಲ ಸುತ್ತಲಿನ ಭಾಗ ಜರುಗಿ ಬಂದಿದೆ. ಟಯರಿನಲ್ಲಿ ಒಂದೇ ಕಡೆ ತೇಪೆ ಇದ್ದರೆ ಚಕ್ರವೇ ಬೆಂಡ್ ಆಗಿದೆ ಅಥವಾ ಟಯರ್ ಊದಿಕೊಂಡಿದೆ. ಆಮೇಲಿನ ಪ್ರಶ್ನೆ, ಗುರುತು ಟಯರಿನ ನಡುನೆತ್ತಿಯಲ್ಲಿದೆಯಾ ಪಕ್ಕದಲ್ಲಿದೆಯಾ. ನೆತ್ತಿಯಲ್ಲಿದ್ದರೆ ಟಯರಿನ ಎತ್ತರ, ಶಾಕ್, ಚೈನ್ ಇವುಗಳ ವಿಚಾರ. ಪಕ್ಕದಲ್ಲಿದ್ದರೆ ಅಲೈನ್‌ಮೆಂಟ್ (ಚಕ್ರ ನೇರ ಕೂತಿದೆಯಾ ಅನ್ನೋದು), ಬುಷ್ (ಸ್ವಿಂಗ್‌ಆರ್ಮ್ ತಿರುಗುವ ಕೀಲಿನ ಒಳಗಿನ ಕೊಳವೆ), ಬೇರಿಂಗ್ ಅಥವಾ ಟಯರಿನ ಅಗಲದ ವಿಚಾರ.

ಒಂದೇ ಕಡೆ ತೇಪೆ ಇದ್ದರೆ

ಇದು ಬೇಗ ಮುಗಿಯುವ ಕೆಲಸ. ಸ್ವಿಂಗ್‌ಆರ್ಮ್‌ಗೆ ಒಂದು ಪೆನ್ಸಿಲ್ ಕಟ್ಟಿ, ಅದರ ತುದಿ ರಿಮ್ಮಿನ ಅಂಚಿಗೆ ಕೂದಲೆಳೆಯಷ್ಟು ದೂರ ಇರುವ ಹಾಗೆ ಇಟ್ಟು ಚಕ್ರ ತಿರುಗಿಸಿ. ರಿಮ್ ಪೆನ್ಸಿಲ್‌ನಿಂದ ಎಷ್ಟು ಹತ್ತಿರ ದೂರ ಆಗುತ್ತದೆ ನೋಡಿ. ಎಷ್ಟೋ ಬೈಕ್‌ಗಳ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಇದಕ್ಕೆ 2 ಮಿ.ಮೀ. ಮಿತಿ ಕೊಟ್ಟಿರುತ್ತಾರೆ. ಜಾಸ್ತಿ ಇದ್ದರೆ, ಕಡ್ಡಿ ಚಕ್ರವಾದರೆ ಬೆಂಡ್ ತೆಗೆಸಿ, ಅಲಾಯ್ ಆದರೆ ಅದರಲ್ಲೇ ಕೆಲಸ ಮಾಡುವವರ ಹತ್ತಿರ ತೋರಿಸಿ. ಸುತ್ತಿಗೆಯಲ್ಲಿ ಬಡಿಯಬೇಡಿ.

ರಿಮ್ ನೇರ ಇದ್ದು ಟಯರ್ ಮಾತ್ರ ಕುಣಿಯುತ್ತಿದ್ದರೆ, ರಿಮ್ ಪಕ್ಕದಲ್ಲೇ ಟಯರ್ ಮೇಲೆ ಸುತ್ತಲೂ ಒಂದು ಸಣ್ಣ ಗೆರೆ ಇರುತ್ತದೆ, ಅದನ್ನು ನೋಡಿ. ರಿಮ್ಮಿಗೂ ಆ ಗೆರೆಗೂ ಅಂತರ ಎಲ್ಲ ಕಡೆ ಒಂದೇ ಸಮ ಇರಬೇಕು. ಒಂದು ಕಡೆ ಗೆರೆ ರಿಮ್ ಒಳಗೆ ಮುಳುಗಿದ್ದರೆ ಟಯರ್ ಸರಿಯಾಗಿ ಕೂತಿಲ್ಲ. ಗಾಳಿ ಬಿಟ್ಟು, ಅಂಚಿಗೆ ಸೋಪ್ ನೀರು ಹಚ್ಚಿ, ಮತ್ತೆ ಗಾಳಿ ತುಂಬಿಸಿದರೆ ಕೂರುತ್ತದೆ. ಟಯರ್ ಮೇಲೆ ಅಚ್ಚಾಗಿರುವ ಗರಿಷ್ಠ ಒತ್ತಡ ಮಾತ್ರ ದಾಟಬೇಡಿ. ಗೆರೆ ಸರಿ ಇದ್ದೂ ಒಂದು ಕಡೆ ಉಬ್ಬಿದ್ದರೆ ಒಳಗಿನ ದಾರದ ಪದರ ಬಿಟ್ಟಿದೆ ಅಂತ. ಅದಕ್ಕೆ ರಿಪೇರಿ ಇಲ್ಲ, ಆ ಟಯರಿನಲ್ಲಿ ಇನ್ನೊಂದು ಕಿಲೋಮೀಟರ್ ಕೂಡ ಓಡಿಸಬೇಡಿ.

ಪಕ್ಕದಲ್ಲಿ ಬಳೆ ಇದ್ದರೆ

ಪಂಕ್ಚರ್ ಹಾಕಿಸಿದ ಮೇಲೆ ಅಥವಾ ಚೈನ್ ಟೈಟ್ ಮಾಡಿಸಿದ ಮೇಲೆ ಶುರುವಾಗಿದ್ದರೆ ಮುಕ್ಕಾಲು ಪಾಲು ಉತ್ತರ ಇಲ್ಲೇ ಸಿಗುತ್ತದೆ. ಸ್ವಿಂಗ್‌ಆರ್ಮ್‌ನ ಎರಡು ಕಡೆಯ ಅಡ್ಜಸ್ಟರ್ (ಚೈನ್ ಬಿಗಿ ಮಾಡಲು ಆಕ್ಸಲ್ ಅನ್ನು, ಅಂದರೆ ಚಕ್ರದ ನಡುವಿನ ಸರಳನ್ನು, ಹಿಂದೆ ಮುಂದೆ ಸರಿಸುವ ಭಾಗ) ಗೆರೆಗಳು ಒಂದೇ ಸಮ ಇವೆಯಾ ನೋಡಿ. ಆ ಗೆರೆಗಳನ್ನೂ ನಾನು ಪೂರ್ತಿ ನಂಬೋದಿಲ್ಲ, ಸ್ವಿಂಗ್‌ಆರ್ಮ್ ತಿರುಗುವ ಕೀಲಿನ, ಅಂದರೆ ಪಿವಟ್ ಬೋಲ್ಟಿನ ನಡುವಿನಿಂದ ಆಕ್ಸಲ್ ನಡುವಿನ ತನಕ ಟೇಪ್ ಹಿಡಿದು ಎರಡೂ ಕಡೆ ಅಳೆಯುತ್ತೇನೆ. ಇಲ್ಲಿ ಸಣ್ಣ ತಪ್ಪು ದೊಡ್ಡದಾಗುತ್ತದೆ. ಎರಡು ಅಡ್ಜಸ್ಟರ್‌ಗಳ ನಡುವೆ 200 ಮಿ.ಮೀ. ಇದೆ ಅಂದುಕೊಳ್ಳಿ, ಒಂದು ಕಡೆ 3 ಮಿ.ಮೀ. ಹಿಂದಕ್ಕೆ ಹೋದರೂ ಟಯರಿನ ಮುಂದಿನ ತುದಿ ಸುಮಾರು 4.5 ಮಿ.ಮೀ. ಪಕ್ಕಕ್ಕೆ ವಾಲಿರುತ್ತದೆ.

ವಾಲುವ ದಿಕ್ಕಿಗೂ ಒಂದು ಲೆಕ್ಕ ಇದೆ. ಬಲಗಡೆ ಆಕ್ಸಲ್ ಹಿಂದಕ್ಕೆ ಹೋಗಿದ್ದರೆ ಟಯರಿನ ಮುಂದಿನ ತುದಿ ಬಲಕ್ಕೂ ಹಿಂದಿನ ತುದಿ ಎಡಕ್ಕೂ ಹೋಗುತ್ತದೆ. ಹಾಗಾಗಿ ಮುಂದೆ ಒಂದು ಕಡೆ, ಹಿಂದೆ ಇನ್ನೊಂದು ಕಡೆ ಜಾಗ ಕಮ್ಮಿ ಇದ್ದರೆ ಅಡ್ಜಸ್ಟರ್ ತಪ್ಪಿದೆ. ಮುಂದೆ ಹಿಂದೆ ಎರಡೂ ಕಡೆ ಒಂದೇ ಪಕ್ಕಕ್ಕೆ ಜಾಗ ಕಮ್ಮಿ ಇದ್ದರೆ ಇಡೀ ಚಕ್ರವೇ ಆ ಪಕ್ಕಕ್ಕೆ ಜರುಗಿದೆ. ಇದಕ್ಕೆ ಹೆಚ್ಚಾಗಿ ಕಾರಣ ಆಕ್ಸಲ್‌ನಲ್ಲಿರುವ ಸ್ಪೇಸರ್‌ಗಳು (ಚಕ್ರವನ್ನು ನಡುವೆ ಹಿಡಿದಿಡುವ ಸಣ್ಣ ಕೊಳವೆಗಳು): ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹಾಕಿರುತ್ತಾರೆ, ಇಲ್ಲವೇ ಒಂದನ್ನು ಹಾಕೋದನ್ನೇ ಮರೆತಿರುತ್ತಾರೆ. ಎರಡರ ಉದ್ದ ಬೇರೆ ಬೇರೆ ಇರೋದು ಸಾಮಾನ್ಯ. ಚಕ್ರ ಬಿಚ್ಚುವ ಮೊದಲು ಒಂದು ಫೋಟೋ ತೆಗೆದುಕೊಂಡರೆ ಈ ಗೋಳು ಬರೋದೇ ಇಲ್ಲ.

ಅಳತೆ ಎಲ್ಲ ಸರಿ ಇದ್ದೂ ತಿರುವಿನಲ್ಲಿ ಮಾತ್ರ ತಾಗುತ್ತಿದೆಯಾ? ಚಕ್ರವನ್ನು ಮೇಲೂ ಕೆಳಗೂ ಹಿಡಿದು ಅಡ್ಡಡ್ಡ ಅಲ್ಲಾಡಿಸಿ, ಇನ್ನೊಬ್ಬರಿಗೆ ಸ್ವಿಂಗ್‌ಆರ್ಮ್ ನೋಡಲು ಹೇಳಿ. ಚಕ್ರ ಅಲ್ಲಾಡಿ ಸ್ವಿಂಗ್‌ಆರ್ಮ್ ಅಲ್ಲಾಡದಿದ್ದರೆ ಚಕ್ರದ ಬೇರಿಂಗ್, ಅಥವಾ ಆಕ್ಸಲ್ ನಟ್ ಸಡಿಲ. ಎರಡೂ ಒಟ್ಟಿಗೆ ಅಲ್ಲಾಡಿದರೆ ಪಿವಟ್‌ನ ಬುಷ್ ಹೋಗಿದೆ. ಎರಡು ಶಾಕ್ ಇರುವ ಬೈಕಾದರೆ ಎರಡೂ ಒಂದೇ ಹಲ್ಲಿನಲ್ಲಿ (ಸ್ಪ್ರಿಂಗ್ ಬಿಗಿ ಹೆಚ್ಚು ಕಡಿಮೆ ಮಾಡುವ ಮೆಟ್ಟಿಲು) ಕೂತಿವೆಯಾ, ಒಂದು ಎಣ್ಣೆ ಬಿಟ್ಟಿದೆಯಾ ಅಂತಲೂ ನೋಡಿ. ಒಂದು ಸೋತರೆ ಸ್ವಿಂಗ್‌ಆರ್ಮ್ ತಿರುಚಿಕೊಳ್ಳುತ್ತದೆ.

ನೆತ್ತಿಯಲ್ಲಿ ಬಳೆ: ನನ್ನ ಕಥೆ

ನನ್ನ ಟಯರಿನಲ್ಲಿ ಇದ್ದದ್ದು ಇದೇ. ನಡುವೆ ಸುತ್ತಲೂ ಎರಡು ಬೆರಳಗಲದ ಹೊಳಪು. ಗ್ಯಾರೇಜಿನಲ್ಲಿ ಕೇಳಿದರೆ ‘ಶಾಕ್ ಕೂತಿದೆ’ ಅಂದರು. ಸರಿ ಅಂತ ಸ್ಪ್ರಿಂಗನ್ನು ಕೊನೆಯ ಹಲ್ಲಿಗೆ ಏರಿಸಿದೆ. ಬೈಕ್ ಕಲ್ಲಿನ ಹಾಗಾಯ್ತು, ಸೊಂಟ ಹಿಡಿಯಿತು, ದೊಡ್ಡ ಹಂಪ್‌ಗೆ ಸದ್ದು ಮಾತ್ರ ಬಂದೇ ಬಂತು. ಇದು ಸಹಜ. ಪ್ರಿಲೋಡ್, ಅಂದರೆ ಸ್ಪ್ರಿಂಗಿನ ಬಿಗಿ, ಏರಿಸಿದರೆ ಬೈಕಿನ ಹಿಂಭಾಗ ಎತ್ತರಕ್ಕೆ ಕೂರುತ್ತದೆ ಅಷ್ಟೇ, ಶಾಕ್ ಪೂರ್ತಿ ಒತ್ತಿಕೊಂಡಾಗ ಚಕ್ರ ಎಲ್ಲಿ ತನಕ ಬರುತ್ತದೆ ಅನ್ನೋದು ಬದಲಾಗೋದಿಲ್ಲ. ಸ್ಪ್ರಿಂಗ್ ನಿಜವಾಗಲೂ ಸೋತಿದೆಯಾ ಅಂತ ತಿಳಿಯಬೇಕಾದರೆ ಚಕ್ರ ನೆಲ ಬಿಟ್ಟಾಗ ಒಂದು ಸಲ, ನೀವು ಕೂತಾಗ ಒಂದು ಸಲ, ಆಕ್ಸಲ್‌ನಿಂದ ಸೀಟಿನ ಕೆಳಗಿನ ಒಂದು ಗೊತ್ತಾದ ಬೋಲ್ಟಿನ ತನಕ ಅಳೆಯಿರಿ. ರಸ್ತೆ ಬೈಕಿನಲ್ಲಿ ವ್ಯತ್ಯಾಸ ಸಾಮಾನ್ಯವಾಗಿ 30ರಿಂದ 40 ಮಿ.ಮೀ. ಇರುತ್ತದೆ. ನನ್ನದು 36 ಇತ್ತು. ಅಂದರೆ ಶಾಕ್ ಚೆನ್ನಾಗಿಯೇ ಇತ್ತು.

ಆಮೇಲೆ ಕ್ಲೇ ಅಂಟಿಸಿದೆ. ಚಕ್ರದ ಮೇಲಿನ ಉಂಡೆ ಮುಟ್ಟಿದ ಹಾಗೂ ಇರಲಿಲ್ಲ. ಚಪ್ಪಟೆಯಾದದ್ದು ಮುಂದಿನದು, ಪಿವಟ್ ಹಿಂದೆ, ಮಡ್‌ಗಾರ್ಡ್ ಕೆಳಕ್ಕೆ ಬಾಗುವ ಜಾಗದ್ದು. ಅದರ ನಡುವೆ ಟಯರಿನ ಗುಂಡಿಗಳ ಅಚ್ಚು ನೀಟಾಗಿ ಬಿದ್ದಿತ್ತು, ದಪ್ಪ ಕಾಗದದಷ್ಟೂ ಉಳಿದಿರಲಿಲ್ಲ. ಚಕ್ರ ಮೇಲಕ್ಕಿಂತ ಮುಂದಕ್ಕೆ ಜಾಸ್ತಿ ಬಂದಿತ್ತು.

ಮುಂದಕ್ಕೆ ಯಾಕೆ ಬಂತು? ಎಂಟು ತಿಂಗಳ ಹಿಂದೆ ನಾನು 100/90-17 ತೆಗೆದು 110/90-17 ಹಾಕಿಸಿದ್ದೆ. ಅಗಲ 10 ಮಿ.ಮೀ. ತಾನೇ ಅಂದುಕೊಂಡಿದ್ದೆ. ಆದರೆ 90 ಅನ್ನೋದು ಅಗಲದ ಶೇಕಡಾ 90ರಷ್ಟು ಎತ್ತರ ಅಂತ. 100ಕ್ಕೆ 90 ಮಿ.ಮೀ., 110ಕ್ಕೆ 99 ಮಿ.ಮೀ. ಅಂದರೆ ಟಯರ್ ಎಲ್ಲ ದಿಕ್ಕಿಗೂ 9 ಮಿ.ಮೀ. ಬೆಳೆದಿತ್ತು. ಎಂಟು ತಿಂಗಳು ಏನೂ ತೊಂದರೆ ಆಗಲಿಲ್ಲ, ಯಾಕಂದ್ರೆ ಹಳೇ ಚೈನ್ ಎಳೆದುಕೊಂಡಿತ್ತು, ಅದನ್ನು ಟೈಟ್ ಮಾಡುತ್ತಾ ಮಾಡುತ್ತಾ ಆಕ್ಸಲ್ ಅಡ್ಜಸ್ಟರಿನ ಕೊನೆಗೆ ಹೋಗಿ ನಿಂತಿತ್ತು. ಆಮೇಲೆ ಹೊಸ ಚೈನ್ ಸ್ಪ್ರಾಕೆಟ್ ಹಾಕಿಸಿದೆ. ಹೊಸ ಚೈನ್ ಗಿಡ್ಡ, ಆಕ್ಸಲ್ 10 ಮಿ.ಮೀ. ಮುಂದಕ್ಕೆ ಬಂತು. ಒಟ್ಟು ಲೆಕ್ಕ ಹಾಕಿ, ಮುಂದಿನ ಕಡೆ ಹತ್ತಿರ ಹತ್ತಿರ 19 ಮಿ.ಮೀ. ಜಾಗ ಮಾಯ. ಸದ್ದು ಚೈನ್ ಹಾಕಿಸಿದ ವಾರದಲ್ಲೇ ಶುರುವಾಗಿತ್ತು, ನಾನು ಮಾತ್ರ ‘ಚೈನಿಗೂ ಮಡ್‌ಗಾರ್ಡ್‌ಗೂ ಏನು ಸಂಬಂಧ’ ಅಂತ ಅದನ್ನು ಲೆಕ್ಕಕ್ಕೇ ತಗೊಂಡಿರಲಿಲ್ಲ.

ಚೈನ್ ಬದಲಿಸುವವರು ಈ ಅಳತೆ ನೆನಪಿಟ್ಟುಕೊಂಡರೆ ಒಳ್ಳೇದು. 428 ಅಳತೆಯ ಚೈನಿನಲ್ಲಿ ಒಂದು ಪಿನ್ನಿನಿಂದ ಇನ್ನೊಂದಕ್ಕೆ 12.7 ಮಿ.ಮೀ. ಎರಡು ಕೊಂಡಿ ಕತ್ತರಿಸಿದರೆ ಆಕ್ಸಲ್ 12.7 ಮಿ.ಮೀ. ಮುಂದಕ್ಕೆ ಬರುತ್ತದೆ. ಅದೇ ಚೈನ್ ಇಟ್ಟು ಹಿಂದಿನ ಸ್ಪ್ರಾಕೆಟ್‌ನಲ್ಲಿ ಒಂದು ಹಲ್ಲು ಜಾಸ್ತಿ ಮಾಡಿದರೆ ಸುಮಾರು 3 ಮಿ.ಮೀ. ಮುಂದಕ್ಕೆ.

ಅನುಮಾನ ಪೂರ್ತಿ ತೀರಬೇಕು ಅಂದರೆ ಶಾಕ್ ಬಿಚ್ಚಿ ನೋಡಬೇಕು. ಬೈಕನ್ನು ಫ್ರೇಮಿನ ಕೆಳಗೆ ಭದ್ರವಾಗಿ ನಿಲ್ಲಿಸಿ, ಇದನ್ನು ಒಬ್ಬರೇ ಮಾಡಬೇಡಿ. ಮೊದಲು ಶಾಕಿನ ಕಣ್ಣಿಂದ ಕಣ್ಣಿಗೆ ಉದ್ದ ಅಳೆದುಕೊಳ್ಳಿ, ಅದರಲ್ಲಿ ಶಾಕ್ ಎಷ್ಟು ಒಳಗೆ ಹೋಗಬಲ್ಲದೋ ಅಷ್ಟನ್ನು ಕಳೆಯಿರಿ. ಒಳಗಿನ ಸ್ಟಾಪರ್ ರಬ್ಬರ್ ಕೂಡ ಜೋರಾಗಿ ಬಿದ್ದಾಗ ಹಿಸುಕಿಕೊಳ್ಳುತ್ತದೆ, ಅದನ್ನೂ ಕಳೆಯಿರಿ. ಈಗ ಶಾಕಿನ ಕೆಳಗಿನ ಬೋಲ್ಟ್ ತೆಗೆದು, ಚಕ್ರದ ಕೆಳಗೆ ಜ್ಯಾಕ್ ಇಟ್ಟು, ಮೇಲಿನ ಬೋಲ್ಟಿಗೂ ಸ್ವಿಂಗ್‌ಆರ್ಮ್‌ನ ತೂತಿಗೂ ಆ ಕಳೆದ ಅಳತೆ ಬರುವ ತನಕ ನಿಧಾನಕ್ಕೆ ಏರಿಸಿ. ಟಯರ್ ಎಲ್ಲೆಲ್ಲಿ ಎಷ್ಟು ಹತ್ತಿರ ಬರುತ್ತದೆ ಅಂತ ಕಣ್ಣಾರೆ ಕಾಣುತ್ತದೆ. ನನಗೆ ಸುತ್ತಲೂ 10 ಮಿ.ಮೀ. ಆದರೂ ಉಳಿದರೆ ಸಮಾಧಾನ. ಟಯರ್ ವೇಗದಲ್ಲಿ ಸ್ವಲ್ಪ ಹಿಗ್ಗುತ್ತದೆ, ಮೇಲೆ ಕೆಸರೂ ಮೆತ್ತುತ್ತದೆ. ಇನ್ನು ಅಳತೆ ಒಂದೇ ಬರೆದಿದ್ದರೂ ಕಂಪನಿಯಿಂದ ಕಂಪನಿಗೆ ಟಯರ್ ಕೆಲವು ಮಿಲಿಮೀಟರ್ ಹೆಚ್ಚು ಕಡಿಮೆ ಇರುತ್ತದೆ.

ಬೇಗ ನೋಡಿ ಮುಗಿಸಬಹುದಾದವು

ಮಡ್‌ಗಾರ್ಡ್ ಬೋಲ್ಟ್ ಬಿದ್ದು ಹೋಗಿ ಪ್ಲಾಸ್ಟಿಕ್ ಜೋತುಬಿದ್ದಿರುವುದು. ನಂಬರ್ ಪ್ಲೇಟ್ ಅಥವಾ ಟೈಲ್ ಲೈಟ್ ಬೋಲ್ಟ್ ಉದ್ದ ಜಾಸ್ತಿಯಾಗಿ ತುದಿ ಒಳಗೆ ಚಾಚಿರುವುದು, ಇದು ಟಯರಿನ ನೆತ್ತಿಯನ್ನು ದಾರದಂತೆ ಸೀಳುತ್ತದೆ. ಬೋಲ್ಟನ್ನು ತಿರುಗಿಸಿ ಹಾಕಿ, ತಲೆ ಒಳಗೆ ಬರಲಿ. ಬಿದ್ದ ಬೈಕಾದರೆ ಹಿಂದಿನ ಸಬ್‌ಫ್ರೇಮ್ (ಸೀಟಿನ ಕೆಳಗಿನ ಚೌಕಟ್ಟು) ಬಾಗಿದೆಯಾ ಅಂತ ಹಿಂದೆ ನಿಂತು ಒಂದು ಕಣ್ಣು ಮುಚ್ಚಿ ನೋಡಿ. ಟಯರಿಗೂ ಟೈಲ್ ಲೈಟಿಗೂ ನಡು ಒಂದೇ ಸಾಲಿನಲ್ಲಿ ಇರಬೇಕು.

ಉಜ್ಜುತ್ತಿರುವುದು ಲೈಟಿನ ವೈರ್ ಅಥವಾ ಹಿಂದಿನ ಬ್ರೇಕಿನ ಹೋಸ್ ಆಗಿದ್ದರೆ ಅಲ್ಲೇ ನಿಲ್ಲಿಸಿ. ವೈರ್ ಬರಿದಾಗಿ ಫ್ರೇಮಿಗೆ ತಾಗಿದರೆ ಫ್ಯೂಸ್ ಹಾರುತ್ತದೆ, ಹೋಸ್ ತೂತಾದರೆ ಬ್ರೇಕೇ ಇಲ್ಲ. ಟಯರಿನಲ್ಲಿ ದಾರ ಕಾಣುತ್ತಿದ್ದರೂ ಅಷ್ಟೇ, ತಳ್ಳಿಕೊಂಡು ಹೋಗಿ. ಪಕ್ಕದ ಗೋಡೆ ಸವೆದ ಟಯರಿಗೆ ಪ್ಯಾಚ್ ಹಾಕ್ತೀನಿ ಅಂತ ಯಾರಾದರೂ ಹೇಳಿದರೆ ಬೇಡ ಅನ್ನಿ.

ನಾನು ಕೊನೆಗೆ 100/90-17ಕ್ಕೇ ವಾಪಸ್ ಬಂದೆ. ಸ್ಪ್ರಿಂಗನ್ನು ಎರಡನೇ ಹಲ್ಲಿಗೆ ಇಳಿಸಿದೆ. ಹೊಸದಾಗಿ ಕ್ಲೇ ಅಂಟಿಸಿ, ಹಿಂದೆ ಒಬ್ಬರನ್ನು ಕೂರಿಸಿಕೊಂಡು ಅದೇ ಹಂಪ್ ಮೇಲೆ ನಾಲ್ಕು ಸಲ ಹೋದೆ. ಉಂಡೆಗಳು ಅಂಟಿಸಿದ ಹಾಗೇ ಇದ್ದವು. ಮೊದಲು ಕೊಯ್ದಿದ್ದ ಮಡ್‌ಗಾರ್ಡ್ ತೂತು ಮಾತ್ರ ಹಾಗೇ ಇದೆ. ಮಳೆಯಲ್ಲಿ ಕೆಸರು ಅಲ್ಲಿಂದ ನೇರ ಬ್ಯಾಟರಿ ಮೇಲೆ ಹಾರುತ್ತದೆ, ಸದ್ಯಕ್ಕೆ ಒಂದು ರಬ್ಬರ್ ಶೀಟ್ ಕಟ್ಟಿದ್ದೇನೆ.